ಹೆಸರಿಗೆ ಜಾಗ ಬಿಟ್ಟ ಸೋಬಾನೆ ಫೈಲು

ದೊಡ್ಡ ಫೈಲ್ ಅಂದರೆ ಒಳ್ಳೆಯ ಧ್ವನಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಪೇಜಿಗೆ ಬಂದು "ಅಕ್ಕ, ನಾನೂ ಒಂದು ಆಡಿಯೋ ಅಂಗಡಿ ಹಾಕ್ತೀನಿ, ಏನೇನು ಬೇಕು" ಎಂದು ಕೇಳುವವರಲ್ಲಿ ಅರ್ಧ ಜನಕ್ಕೆ ಇದು ಗೊತ್ತಿರುವುದಿಲ್ಲ. ಕೀಪ್ಯಾಡ್ ಫೋನಿನಲ್ಲಿ ರೆಕಾರ್ಡ್ ಆದ ಪುಟ್ಟ ಎಎಂಆರ್ ಫೈಲನ್ನು ವೇವ್ ಫೈಲಾಗಿ ಬದಲಾಯಿಸಿದರೆ ಅದು ಹತ್ತಾರು ಪಟ್ಟು ಊದಿಕೊಳ್ಳುತ್ತದೆ. ಧ್ವನಿ ಮಾತ್ರ ಹೋದ ಹಾಗೇ ವಾಪಸ್ ಬರುತ್ತದೆ. ಒಂದು ಸೇರು ರಾಗಿ ಹಿಟ್ಟನ್ನು ಮೂಟೆ ಚೀಲಕ್ಕೆ ಸುರಿದರೆ ಚೀಲ ದೊಡ್ಡದು, ಹಿಟ್ಟು ಅಷ್ಟೇ.

ಹಾಗಾದರೆ ಯಾಕೆ ಬದಲಾಯಿಸಬೇಕು ಅಂದರೆ, ಫೋನ್ ಬರೆದದ್ದನ್ನು ಕಾರು ಓದುವುದಿಲ್ಲ, ಕಾರು ಓದಿದ್ದನ್ನು ದೇವಸ್ಥಾನದ ಮೈಕಿನ ಡಬ್ಬ ಓದುವುದಿಲ್ಲ. ಒಬ್ಬೊಬ್ಬರದು ಒಂದೊಂದು ಹಟ. ಮಧ್ಯೆ ನಿಂತು ಇವರ ಮಾತನ್ನು ಅವರಿಗೆ ತಿಳಿಯುವ ಹಾಗೆ ಮಾಡಿಕೊಡುವುದು ನಮ್ಮ ಕೆಲಸ. ಮದುವೆ ದಲ್ಲಾಳಿಯ ಕೆಲಸದ ಹಾಗೆ. ಎರಡೂ ಕಡೆಯವರಿಗೆ ನಮ್ಮ ಮೇಲೇ ಅನುಮಾನ.

ನಾನು ಹರದನಹಳ್ಳಿಯವಳು. ದಿನಾ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಬಂದು ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯ ರೆಕಾರ್ಡಿಂಗ್ ಅಂಗಡಿಯಲ್ಲಿ ಕೂರುತ್ತಿದ್ದೆ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸುವುದರಿಂದ ಶುರು ಮಾಡಿ, ಕ್ಯಾಸೆಟ್ಟಿನಿಂದ ಸಿಡಿಗೆ, ಸಿಡಿಯಿಂದ ಮೆಮರಿ ಕಾರ್ಡಿಗೆ, ಅಲ್ಲಿಂದ ಪೆನ್‌ಡ್ರೈವಿಗೆ, ಕೊನೆಗೆ ವಾಟ್ಸಾಪ್ ವಾಯ್ಸ್ ಮೆಸೇಜನ್ನು ಎಂಪಿ3 ಮಾಡುವವರೆಗೆ ಬಂದೆ. ಹೋದ ವರ್ಷ ಬಿಟ್ಟೆ. ಇನ್ನೂ ವಯಸ್ಸಿತ್ತು, ಆದರೆ ಎಡಗಿವಿಗೆ ಸಣ್ಣ ಸದ್ದು ಕೇಳಿಸುವುದು ನಿಂತುಹೋಯಿತು. ಟೇಪಿನ ಸುಯ್ ಸದ್ದು ಕೇಳಿಸದವಳು ಈ ಕೆಲಸದಲ್ಲಿ ಇರಬಾರದು. ಕಣ್ಣು ಮಂಜಾದ ಮೇಲೆ ಅಕ್ಕಿ ಆರಿಸಲು ಕೂರಬಾರದು, ಹಾಗೆ.

ಅಂಗಡಿಯ ಯಜಮಾನರು ಮಹದೇವಪ್ಪ. ಒಳ್ಳೆ ಜಮೀನಿದ್ದ ಮನೆತನ. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ನನಗೆ ಅವರು ಕಲಿಸಿದ್ದು ಒಂದೇ ಒಂದು ನಿಯಮ.

"ಮಾಡಿದ್ ಫೈಲ್ನ ಕೊನೆವರ್ಗೂ ಕೇಳ್ದೆ ಗಿರಾಕಿ ಕೈಗ್ ಕೊಡ್ಬ್ಯಾಡ ಕಣಮ್ಮಿ. ಶುರುಲಿ ಚೆನ್ನಾಗಿರೋದು ಕೊನೇಲೂ ಚೆನ್ನಾಗಿರ್ತದೆ ಅನ್ನಕ್ಕೆ ಇದೇನ್ ಇಡ್ಲಿನಾ."

ಈ ನಿಯಮ ಮಾಡಿದವರೇ ಅದನ್ನು ಮುರಿದು ಸಿಕ್ಕಿಬಿದ್ದರು. ಧ್ವನಿಯಿಂದ ಗಲೀಜು ಸದ್ದು ತೆಗೆಯುವ ಸಾಫ್ಟ್‌ವೇರ್ ಹೊಸದಾಗಿ ಬಂದಿತ್ತು. ಎಲ್ಲಿ ಸುಯ್ ಅನ್ನುತ್ತದೋ ಅದನ್ನು ತೋರಿಸಿ ಒಂದು ಬಟನ್ ಒತ್ತಿದರೆ ಇಡೀ ಫೈಲಿನಿಂದ ಅದನ್ನು ಉಜ್ಜಿ ಹಾಕುತ್ತದೆ. ಯಜಮಾನರಿಗೆ ಹುಚ್ಚು ಹಿಡಿಯಿತು. ಕಂಡಕಂಡ ಫೈಲನ್ನೆಲ್ಲ ತೊಳೆದರು. ಆಗ ಮಾದಪ್ಪನ ಕಥೆ ಹಾಡುವ ದೇವರಗುಡ್ಡರ ತಂಡವೊಂದು ತಮ್ಮ ಹಳೇ ಕ್ಯಾಸೆಟ್ ತಂದುಕೊಟ್ಟಿತ್ತು. ಯಜಮಾನರು ತೊಳೆದು, ಸಿಡಿ ಮಾಡಿ, ಕೇಳದೆ ಕೊಟ್ಟರು. ಎರಡನೇ ದಿನಕ್ಕೆ ಹಿರಿ ಗುಡ್ಡಪ್ಪ ಬಂದು ಬಾಗಿಲಲ್ಲಿ ನಿಂತರು.

"ನಮ್ ಕಂಸಾಳೆ ಎಲ್ಲ್ ಓಯ್ತು ಯಜಮಾನ್ರೆ? ಬರೀ ಬಾಯಿ ಕೇಳ್ತದೆ. ಮಾದಪ್ಪನ್ ಕತೇನ ಕೈ ಕಟ್ಕಂಡ್ ಆಡ್ದಂಗದೆ."

"ಅದು ಮಿಸೀನು ಗಲೀಜು ಸೌಂಡ್ ಅಂತ ತೆಗ್ದಾಕ್ಬುಟ್ಟದೆ ಕಣಪ್ಪ."

"ಅಂಗಾರೆ ನಿಮ್ ಮಿಸೀನು ಮಾದಪ್ಪನ್ ಒಕ್ಕಲಲ್ಲ ಬುಡಿ."

ಕಂಸಾಳೆಯ ಝಣತ್ಕಾರವೂ ಟೇಪಿನ ಸುಯ್ ಸದ್ದೂ ಕಂಪ್ಯೂಟರಿಗೆ ಹೆಚ್ಚುಕಡಿಮೆ ಒಂದೇ. ಪುಣ್ಯಕ್ಕೆ ಕ್ಯಾಸೆಟ್ ಇನ್ನೂ ನಮ್ಮ ಹತ್ತಿರವೇ ಇತ್ತು. ಮತ್ತೆ ಮೊದಲಿಂದ ಇಳಿಸಿಕೊಟ್ಟೆವು. ಅದಕ್ಕೇ ಹೇಳುವುದು, ಕೆಲಸ ಮುಗಿದು ಗಿರಾಕಿ ಕೇಳಿ ತಲೆ ಆಡಿಸುವವರೆಗೆ ಮೂಲವನ್ನು ಅಳಿಸಬೇಡಿ, ತೊಳೆಯಬೇಡಿ, ಮುಟ್ಟಲೇಬೇಡಿ.

ಆಮೇಲೆ ಗುಂಡ್ಲುಪೇಟೆಯಲ್ಲೂ ಒಂದು ಅಂಗಡಿ ತೆರೆದರು. ವಾರದಲ್ಲಿ ಕೆಲವು ದಿನ ನಾನು ಅಲ್ಲಿ. ಅಲ್ಲಿನ ಗಿರಾಕಿಗಳೇ ಬೇರೆ. ಕೇರಳದಿಂದ ಹೂವು, ತರಕಾರಿ ಕೊಳ್ಳಲು ಬರುವವರು ಹಳ್ಳಿ ಹಳ್ಳಿಗೆ ಮೈಕ್ ಕಟ್ಟಿದ ಗಾಡಿ ಬಿಡುತ್ತಿದ್ದರು. ಹೀಗೆ ಒಬ್ಬ ವ್ಯಾಪಾರಿ, ಎಲ್ಲರೂ ಮಲಯಾಳದಲ್ಲಿ ಅಣ್ಣ ಅನ್ನುವ ಹಾಗೆ ಚೇಟ್ಟ ಎಂದೇ ಕರೆಯುತ್ತಿದ್ದರು, ಒಂದು ಮಧ್ಯಾಹ್ನ ಡ್ರೈವರನ್ನು ಮುಂದೆ ಹಾಕಿಕೊಂಡು ಬಂದ.

"ಚೇಚ್ಚಿ, ವಂಡಿ ಓಡ್ತು, ಡೀಸೆಲ್ ಓಯ್ತು, ಒಂದ್ ಆಳು ಬಂದಿಲ್ಲ."

ಚೆಂಡು ಹೂವು ಕೊಳ್ಳುತ್ತೇವೆ ಅಂತ ಸಾರುವ ಫೈಲು. ಬೆಳಿಗ್ಗೆಯಿಂದ ಗಾಡಿ ಸುತ್ತಿದೆ, ಮೈಕು ಸದ್ದೇ ಮಾಡಿಲ್ಲ. ಡ್ರೈವರಿಗೆ ಗೊತ್ತೇ ಆಗಿಲ್ಲ.

"ನಾನ್ ಒಳಗ್ ಕುಂತಿದ್ದೆ ಕಣಕ್ಕ. ಮೈಕು ಮ್ಯಾಲದೆ. ಆಚೆಗ್ ಕೇಳುಸ್ತಾ ಅದೆ ಅನ್ಕಂಡೆ," ಅಂದ ಅವನು.

"ಜನ ಯಾರೂ ತಿರುಗಿ ನೋಡಲಿಲ್ವಾ?"

"ನೋಡುದ್ರು. ಸುಮ್ನೆ ಮೈಕ್ ಕಟ್ಕಂಡು ನಿಧಾನಕ್ ಓಗ್ತಾವ್ನಲ್ಲ ಅಂತ ನೋಡಿರ್ಬೇಕು."

ಪೆನ್‌ಡ್ರೈವ್ ಹಾಕಿ ನೋಡಿದರೆ ಯಾರೋ ಬುದ್ಧಿವಂತ ಫೈಲಿನ ಹೆಸರಿನ ಕೊನೆಯಲ್ಲಿದ್ದ ಎಂ4ಎ ಅಳಿಸಿ ಎಂಪಿ3 ಅಂತ ಬರೆದಿದ್ದಾನೆ. ಒಳಗಿನ ಸರಕು ಅದೇ. ಫೋನ್ ಜಾಣ, ಹೆಸರು ನೋಡದೆ ಒಳಗೆ ಇಣುಕಿ ನುಡಿಸುತ್ತದೆ. ಗಾಡಿಯ ಡಬ್ಬಕ್ಕೆ ಅಷ್ಟು ಜಾಣತನ ಇಲ್ಲ. ಯಜಮಾನರಿಗೆ ಫೋನ್ ಮಾಡಿ ಹೇಳಿದೆ. "ಈಬೂತಿ ಬಳ್ಕಂಡೋರೆಲ್ಲ ಐನೋರಾ," ಅಂದು ಫೋನ್ ಇಟ್ಟರು. ತಮ್ಮ ಹಣೆಯೂ ಅದರಲ್ಲಿ ಬಂತು ಅಂತ ಅವರಿಗೆ ಹೊಳೆಯಲಿಲ್ಲ. ಇವತ್ತಿಗೂ ಹೆಸರು ತಿದ್ದುವುದನ್ನೇ ಕನ್ವರ್ಟ್ ಅಂದುಕೊಂಡವರು ಇದ್ದಾರೆ. ನೀವು ಆ ಸಾಲಿಗೆ ಸೇರಬೇಡಿ.

ಇಷ್ಟೆಲ್ಲ ದಿನನಿತ್ಯದ್ದು. ನಾನು ಕೆಲಸ ಬಿಡುವುದಕ್ಕೆ ಸ್ವಲ್ಪ ಮುಂಚೆ ಬಂದ ಒಂದು ಕೇಸು ಮಾತ್ರ ಬೇರೆ ಥರದ್ದು. ಅದನ್ನು ಬಿಡಿಸಿ ಹೇಳಬೇಕು.

ಚಂದಕವಾಡಿ ಕಡೆಯ ಹುಡುಗಿ ಮಂಜುಳ. ಬದನಗುಪ್ಪೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸ. ರಜೆ ದಿನ ಅಂಗಡಿಗೆ ಬಂದು ಹಳೇ ಕೀಪ್ಯಾಡ್ ಫೋನಿನ ಮೆಮರಿ ಕಾರ್ಡ್ ಕೈಗಿಟ್ಟಳು.

"ಅಕ್ಕ, ಇದ್ರಲ್ಲಿ ನಮ್ಮವ್ವನ್ ಆಡವೆ. ಚೌಟ್ರಿ ಮೈಕಲ್ಲಿ ಬರಂಗ್ ಮಾಡ್ಕೊಡಿ. ನನ್ ಮದ್ವೆಗೆ."

"ಅವ್ವನೇ ಬಂದು ಹಾಡಿದ್ರೆ ಆಯ್ತಲ್ಲ," ಅಂದೆ.

"ಅಪ್ಪ ತೀರ್ಕಂಡ್ ಮೇಲೆ ಅವ್ವ ಹಸೆ ತಾವ ಆಡಲ್ಲ ಅಕ್ಕ. ಬರ್ಬ್ಯಾಡ ಅಂತ ಯಾರೂ ಅಂದಿಲ್ಲ. ಬಾ ಅಂತ್ಲೂ ಯಾರೂ ಅಂದಿಲ್ಲ."

ಅವಳ ತಾಯಿ ದೊಡ್ಡತಾಯಮ್ಮ ಆ ಊರಿನ ಸೋಬಾನೆ ಹಾಡುಗಾರ್ತಿ. ಸೋಬಾನೆಯಲ್ಲಿ ಒಬ್ಬಳು ಮುಂದಾಗಿ ಸಾಲು ಎತ್ತುತ್ತಾಳೆ, ಉಳಿದವರು ಸೊಲ್ಲು ಕೊಡುತ್ತಾರೆ, ಅಂದರೆ ಹಿಂದಿನಿಂದ ದನಿ ಸೇರಿಸುತ್ತಾರೆ. ಸೊಲ್ಲು ಕೊಡುವವರು ಬೀದಿ ತುಂಬ ಇದ್ದಾರೆ. ಎತ್ತುವವಳು ಇವಳೊಬ್ಬಳೇ. ಮದುವಣಗಿತ್ತಿಯನ್ನು ಹಸೆಗೆ ಕರೆಯುವ ಹಾಡಿನಲ್ಲಿ ಹುಡುಗಿಯ ಹೆಸರನ್ನು ಎತ್ತಿ ಕೂಗುವುದು ಕ್ರಮ.

"ನಮ್ ಬೀದಿ ಎಣ್ಮಕ್ಕಳ್ನೆಲ್ಲ ಅವ್ವನೇ ಎಸ್ರಿಡ್ದು ಹಸೆಗ್ ಕರ್ದಿರದು. ನನ್ನೊಬ್ಳುನ್ನ ಇನ್ಯಾರೋ ಕರುದ್ರೆ ನಂಗೆ ಮದ್ವೆ ಆದಂಗೇ ಇರಲ್ಲ," ಅಂದಳು. ಅಳಲಿಲ್ಲ. ಫ್ಯಾಕ್ಟರಿಯಲ್ಲಿ ಸೂಪರ್‌ವೈಸರಿಗೆ ರಜೆ ಯಾಕೆ ಬೇಕು ಅಂತ ಹೇಳುವಷ್ಟು ಸಮಾಧಾನವಾಗಿ ಹೇಳಿದಳು.

ಕಾರ್ಡಿನಲ್ಲಿ ಮೂರು ಹಾಡು. ಯಾವುದೋ ಮದುವೆಯಲ್ಲಿ ಇವಳು ಚಿಕ್ಕವಳಿದ್ದಾಗ ಫೋನನ್ನು ಮಡಿಲಲ್ಲಿಟ್ಟುಕೊಂಡು ರೆಕಾರ್ಡ್ ಮಾಡಿದ್ದು. ಎಎಂಆರ್. ಆ ಫಾರ್ಮ್ಯಾಟು ಫೋನಿನಲ್ಲಿ ಮಾತಾಡಲು ಮಾಡಿದ್ದು, ಹಾಡಲು ಅಲ್ಲ. ದನಿಯ ಮೇಲ್ಭಾಗವನ್ನೂ ಕೆಳಭಾಗವನ್ನೂ ಕತ್ತರಿಸಿ ನಡುವಿನದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಕೊಡದೊಳಗೆ ಬಾಯಿಟ್ಟು ಹಾಡಿದಂತೆ ಇತ್ತು. ಆದರೂ ಆ ಹೆಂಗಸಿನ ಶಕ್ತಿ ಕೊಡ ಒಡೆದು ಬರುತ್ತಿತ್ತು. ಎಂಪಿ3 ಮಾಡಿದೆ, ಎರಡೂ ಕಡೆಯ ಸ್ಪೀಕರಿಗೆ ಸಮ ಹಂಚಿದೆ, ದನಿ ಸ್ವಲ್ಪ ಏರಿಸಿದೆ. ತೊಳೆಯಲು ಹೋಗಲಿಲ್ಲ. ಆಮೇಲೆ ನಿಯಮದ ಪ್ರಕಾರ ಕೊನೆವರೆಗೂ ಕೇಳಿದೆ.

"ಮೆಟ್ಟಿಲ ಇಳಿದೋಳು, ಮೆಲ್ಲಗೆ ನಡೆದೋಳು" ಅಂತ ಹಸೆಗೆ ಕರೆಯುವ ಹಾಡು ಏರುತ್ತದೆ, ಅಲ್ಲಿ ಹುಡುಗಿಯ ಹೆಸರು, ಆಮೇಲೆ ಎಲ್ಲರ ಸೊಲ್ಲು. ಹೆಸರು ರಾಜಮ್ಮ. ಹಾಡಿನಲ್ಲಿ ಮೂರು ಕಡೆ ರಾಜಮ್ಮ.

ಮಂಜುಳಳಿಗೆ ಫೋನ್ ಮಾಡಿದೆ. "ರಾಜಮ್ಮ ಯಾರವ್ವ?"

"ನಮ್ ಪಕ್ಕದ್ ಮನೆ ಅಕ್ಕ. ಅವ್ಳ ಮದ್ವೇದೇ ಅದು. ಅಷ್ಟು ಸಲ ಕೇಳಿವ್ನಿ, ನನ್ ಕಿವೀಗ್ ಅದು ಬೀಳ್ನೇ ಇಲ್ವಲ್ಲ ಅಕ್ಕ."

ಮುಂದಿನ ರಜೆಗೆ ತಾಯಿಯನ್ನೇ ಕರೆತಂದಳು. ಜೊತೆಗೆ ಚಿಕ್ಕಮ್ಮ ನಾಗಮ್ಮ, ತಾಯಿಯ ತಂಗಿ, ಬಾಯಿ ತುಂಬ ಎಲೆಅಡಿಕೆ. ದೊಡ್ಡತಾಯಮ್ಮ ಕುರ್ಚಿಯಲ್ಲಿ ಕೂರಲಿಲ್ಲ, ಬಾಗಿಲ ಹತ್ತಿರ ನಿಂತರು. ಹಾಡು ಹಾಕಿದೆ. ತಮ್ಮದೇ ದನಿಯನ್ನು ಬೇರೆಯವರ ಅಡುಗೆ ರುಚಿ ನೋಡುವ ಹಾಗೆ ಕೇಳಿದರು.

"ಎರಡ್ನೇ ಸಾಲಲ್ಲಿ ಉಸುರ್ ಸಾಲ್ದು," ಅಂದರು.

"ಅವ್ವ, ಬೇರೇನೂ ಬೇಡ. ಈ ಮೈಕಿನ ಮುಂದೆ ಮಗಳ ಹೆಸರು ಮೂರು ಸಲ ರಾಗದಲ್ಲಿ ಹೇಳಿ. ರಾಜಮ್ಮನ್ನ ತೆಗೆದು ಆ ಜಾಗಕ್ಕೆ ಕೂರಿಸ್ತೀನಿ," ಅಂದೆ.

"ನನ್ ಬಾಯಲ್ ಬ್ಯಾಡ ಕಣವ್ವ."

"ಹಾಡೆಲ್ಲ ನಿಮ್ಮ ಬಾಯಲ್ಲೇ ಇದೆಯಲ್ಲ."

"ಅದ್ನ ಆಡ್ದಾಗ ಅವ್ರ್ ಇದ್ರು. ಅದು ಮುತ್ತೈದೆ ದನಿ. ಹಸೇಲಿ ಅದ್ನ ಆಕುದ್ರೆ ತೆಪ್ಪಿಲ್ಲ. ಈಗಿನ್ ದನಿ ಅದ್ಕ್ ಸೇರ್ಸ್ಬ್ಯಾಡಿ."

ಒಳಗೆ ಲೆಕ್ಕ ನೋಡುತ್ತಿದ್ದ ಯಜಮಾನರು ತಲೆ ಎತ್ತಿದರು. "ಎರಡೂ ಒಂದೇ ಗಂಟ್ಲು ಕಣವ್ವ."

"ನಿಮ್ ಮಿಸೀನ್ಗೆ ಒಂದೇ ಇರ್ಬೌದು ಬುದ್ಧಿ," ಅಂದರು ದೊಡ್ಡತಾಯಮ್ಮ.

ಯಜಮಾನರು ಮತ್ತೆ ಲೆಕ್ಕದ ಪುಸ್ತಕಕ್ಕೆ ಬಗ್ಗಿದರು. ನಾನು ನನ್ನ ಕೆಲಸದಲ್ಲಿ ಸಾವಿರಾರು ಫೈಲು ನೋಡಿದ್ದೆ. ಒಂದು ದನಿಯನ್ನು ಅದು ರೆಕಾರ್ಡಾದ ದಿನದ ಲೆಕ್ಕದಲ್ಲಿ ಬೇರೆ ಬೇರೆ ಮಾಡಿ ಇಡುವವರನ್ನು ನೋಡಿರಲಿಲ್ಲ. ತಪ್ಪು ಅಂತ ನನಗೆ ಅನಿಸಿತು. ಆದರೆ ದನಿ ಅವರದು.

"ಬ್ಯಾರೆ ಆಡಿಂದ ಅಕ್ಷರ ಎತ್ತಿ ಜೋಡ್ಸಕ್ ಆಗಲ್ವಾ ಅಕ್ಕ?" ಅಂದಳು ಮಂಜುಳ. ಮಾಡಿ ನೋಡಿದೆ. ಒಂದು ಕಡೆಯಿಂದ ಮ, ಇನ್ನೊಂದು ಕಡೆಯಿಂದ ಳ. ತೊದಲುವ ಮಗು ಕೂಗಿದಂತೆ ಬಂತು. ನಾಗಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

"ಇಡೀ ಸಾಲನ್ನೇ ಕತ್ತರಿಸಿಬಿಡಲಾ?" ಅಂದೆ.

"ಕತ್ರುಸುದ್ರೆ ಸೊಲ್ಲ್ ಕೊಡೋರು ಎಲ್ಲಿ ಕೊಡ್ಬೇಕು?" ದೊಡ್ಡತಾಯಮ್ಮ ಮೊದಲ ಸಲ ಒಳಗೆ ಬಂದರು. "ರಾಜಿ ಎಸ್ರ ಒರಸ್ಬುಡು. ಜಾಗ ಅಂಗೇ ಇರ್ಲಿ. ನಮ್ ನಾಗಿ ಮುತ್ತೈದೆ. ಅವ್ಳು ಮೈಕ್ ಇಡ್ಕಂಡು ಆ ಜಾಗದಲ್ಲಿ ಎಸ್ರು ಏಳ್ತಾಳೆ."

ಮಂಜುಳ ಕೇಳಿದ್ದು ಅದಲ್ಲ ಅಂತ ತಾಯಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮೂರು ಹೆಸರು ಒರೆಸಿದೆ. ಪೂರ್ತಿ ಮೌನ ಮಾಡಿದರೆ ಸ್ಪೀಕರ್ ಕೆಟ್ಟ ಹಾಗೆ ಕೇಳಿಸುತ್ತದೆ, ಆದ್ದರಿಂದ ಅದೇ ಮದುವೆಮನೆಯ ಗಜಿಬಿಜಿ ಸ್ವಲ್ಪ ತಂದು ಅಲ್ಲಿ ತುಂಬಿದೆ. ಇದು ಕಲಿತುಕೊಳ್ಳಿ, ಉಪಯೋಗಕ್ಕೆ ಬರುತ್ತದೆ. ನಾಗಮ್ಮ ಹೆಡ್‌ಫೋನ್ ಹಾಕಿಕೊಂಡು ಅಂಗಡಿಯಲ್ಲೇ ಅಭ್ಯಾಸ ಮಾಡಿದಳು. ಒಂದು ಸಲವೂ ತಪ್ಪಲಿಲ್ಲ. "ಇಷ್ಟೇಯಾ," ಅಂದಳು.

ಗಂಡಿನ ಊರು ಗುಂಡ್ಲುಪೇಟೆ, ಚೌಟ್ರಿಯೂ ಅಲ್ಲೇ. ಮಂಜುಳ ಕರೆದಿದ್ದಳು ಅಂತ ನಾನೂ ಹೋದೆ. ಸೌಂಡ್ ಸಿಸ್ಟಮ್ ಹಾಕಿದ್ದ ಕುಮಾರ ನನಗೆ ಪರಿಚಯ. ಪೆನ್‌ಡ್ರೈವ್ ಹಾಕಿ, ಎರಡೂ ಕಡೆ ಸ್ಪೀಕರ್ ಬರುತ್ತದಾ ಅಂತ ನೋಡಿ, ನಾಗಮ್ಮನ ಕೈಗೆ ಮೈಕ್ ಕೊಟ್ಟೆವು. ದೊಡ್ಡತಾಯಮ್ಮ ಊಟದ ಮನೆ ಕಡೆ ಇದ್ದರು. ಹುಡುಗಿಯ ತಾಯಿ ಅಂತ ಯಾರೂ ಹುಡುಕಲಿಲ್ಲ. ಅವರು ಅಲ್ಲಿರುವುದು ಎಲ್ಲರಿಗೂ ಸರಿ ಅನಿಸಿದ ಹಾಗಿತ್ತು.

ಹಸೆ ಹಾಸಿ ಹುಡುಗಿಯನ್ನು ಕೋಣೆಯ ಬಾಗಿಲಿಗೆ ತಂದರು. ಕುಮಾರ ಹಾಡು ಬಿಟ್ಟ. ಹುಡುಗಿಯ ಊರಿನ ಹೆಂಗಸರಿಗೆ ಆ ದನಿ ಗುರುತು ಸಿಕ್ಕಿತು. ಯಾರೂ ಹೇಳದೆ ಸೊಲ್ಲು ಕೊಡಲು ಶುರು ಮಾಡಿದರು. ಕೀಪ್ಯಾಡ್ ಫೋನಿನ ದನಿ ಆ ದೊಡ್ಡ ಹಾಲಿನಲ್ಲಿ ಸಣಕಲಾಗಿ ಕೇಳಿಸುತ್ತಿತ್ತು, ಆದರೂ ನಡೆಯುತ್ತಿತ್ತು. ಮೆಟ್ಟಿಲ ಇಳಿದೋಳು, ಮೆಲ್ಲಗೆ ನಡೆದೋಳು. ಹೆಸರಿನ ಜಾಗ ಬಂತು.

ನಾಗಮ್ಮ ಅಕ್ಕನ ಮಗಳನ್ನು ನೋಡುತ್ತ ನಿಂತಿದ್ದಳು. ಅಂಗಡಿಯಲ್ಲಿ ನೋಡಲು ಬರೀ ಗೋಡೆ ಇತ್ತು. ಇಲ್ಲಿ ಅರಿಸಿನ ಹಚ್ಚಿಕೊಂಡ ಹುಡುಗಿ ಇದ್ದಾಳೆ, ಮುನ್ನೂರು ಕಣ್ಣು ತನ್ನ ಮೇಲಿದೆ. ಜಾಗ ಖಾಲಿ ಹೋಯಿತು. ಸೊಲ್ಲು ಬಿದ್ದ ಮೇಲೆ "ಮಂಜುಳಾ" ಅಂತ ಕೂಗಿದಳು. ಎರಡೂ ಕಲಸಿಕೊಂಡವು.

ಎರಡನೇ ಸಲ ಗಾಬರಿಯಲ್ಲಿ ಮೊದಲೇ ಕೂಗಿಬಿಟ್ಟಳು. ಮೆಲ್ಲಗೆ ನಡೆದೋಳು ಅನ್ನುವುದರ ಮೇಲೇ ಮಂಜುಳಾ ಬಿತ್ತು, ಆಮೇಲೆ ಉದ್ದಕ್ಕೆ ಖಾಲಿ. ಗಂಡಿನ ಕಡೆಯವರಲ್ಲಿ ನಗು ಎದ್ದಿತು. ಗಂಡಿನ ತಾಯಿ ಕೆಂಪಮ್ಮ, ದಪ್ಪ ದನಿಯ ಹೆಂಗಸು, ಹಸೆಯ ಪಕ್ಕದಲ್ಲೇ ಕೂತಿದ್ದರು.

"ಒಂದ್ಸಲ ಬಸ್ ಓದ್ಮೇಲ್ ಕೈ ಅಡ್ಡ ಆಕ್ತಾಳೆ, ಒಂದ್ಸಲ ಬಸ್ ಬರಕ್ ಮೊದ್ಲೇ ಅತ್ತಕ್ ಓಯ್ತಾಳೆ," ಅಂದರು. ನಗು ಜೋರಾಯಿತು. ಮಂಜುಳ ಬಾಗಿಲಲ್ಲೇ ನಿಂತಿದ್ದಳು, ತಲೆ ಬಗ್ಗಿಸಿಕೊಂಡು. ನಾಗಮ್ಮ ಮೈಕನ್ನು ಪಕ್ಕದವಳ ಕೈಗೆ ತುರುಕಲು ನೋಡಿದಳು, ಅವಳು ತೆಗೆದುಕೊಳ್ಳಲಿಲ್ಲ.

ಹಾಡು ಯಾರಿಗೂ ಕಾಯುವುದಿಲ್ಲವಲ್ಲ, ಅದು ಫೈಲು. ಮೂರನೇ ಸಲ ಏರಿತು. ಮೆಟ್ಟಿಲ ಇಳಿದೋಳು, ಮೆಲ್ಲಗೆ ನಡೆದೋಳು.

"ಮಂಜೂಳಾ."

ಊಟದ ಮನೆಯ ಬಾಗಿಲಿಂದ. ಮೈಕ್ ಇಲ್ಲ. ಸರಿಯಾಗಿ ಆ ಜಾಗದಲ್ಲಿ, ಹಿಂದಿಲ್ಲ ಮುಂದಿಲ್ಲ. ದೊಡ್ಡತಾಯಮ್ಮ ಕೈಯಲ್ಲಿ ಮಜ್ಜಿಗೆ ಜಗ್ಗು ಹಿಡಿದು ನಿಂತಿದ್ದರು. ಹೆಂಗಸರು ಯೋಚಿಸುವುದಕ್ಕೆ ಮುಂಚೆ ಸೊಲ್ಲು ಕೊಟ್ಟುಬಿಟ್ಟಿದ್ದರು. ವರ್ಷಗಟ್ಟಲೆ ಆ ದನಿಗೆ ಸೊಲ್ಲು ಕೊಟ್ಟ ಬಾಯಿಗಳು, ಎತ್ತಿದ ತಕ್ಷಣ ತಾವೇ ತೆರೆದವು.

ಹುಡುಗಿ ತಲೆ ಎತ್ತಿದಳು.

ಮುಂದಿನ ಸಾಲನ್ನು ಫೈಲೂ ಎತ್ತಿತು, ದೊಡ್ಡತಾಯಮ್ಮನೂ ಎತ್ತಿದರು. ಕುಮಾರ ಏನು ಮಾಡಲಿ ಅನ್ನುವಂತೆ ನನ್ನನ್ನು ನೋಡಿದ. ಒಮ್ಮೆಲೇ ನಿಲ್ಲಿಸಿದರೆ ಅವರೂ ಬೆಚ್ಚಿ ನಿಲ್ಲಿಸಿಬಿಟ್ಟಾರು. ಮೆಲ್ಲಗೆ ಇಳಿಸು ಅಂತ ಕೈಯಲ್ಲಿ ತೋರಿಸಿದೆ. ಅವನು ಇಳಿಸುತ್ತ ಹೋದ. ಮುತ್ತೈದೆ ದನಿ ಸಣ್ಣಗಾಗುತ್ತ ಹೋಯಿತು, ಈಗಿನ ದನಿ ಉಳಿಯಿತು. ಸ್ವಲ್ಪ ಒರಟು, ಆದರೆ ಎಎಂಆರ್ ಕತ್ತರಿಸಿ ಹಾಕಿದ್ದ ಮೇಲಿನದೂ ಕೆಳಗಿನದೂ ಎಲ್ಲ ಅದರಲ್ಲಿತ್ತು. ಸ್ಪೀಕರ್ ನಿಂತದ್ದು ಅವರಿಗೆ ಗೊತ್ತಾಗಲಿಲ್ಲ. ಮಗಳು ಹಸೆ ಮೇಲೆ ಕೂರುವವರೆಗೂ ಬಾಗಿಲಲ್ಲಿ ನಿಂತೇ ಹಾಡಿದರು.

ಗಂಡಿನ ಕಡೆಯ ಅಜ್ಜಿಯೊಬ್ಬರು ಎದ್ದು ಆಚೆ ಹೋದರು. ನಾನು ನೋಡಿದೆ. ಅವರು ಮತ್ತೆ ಬರಲಿಲ್ಲ.

ಹಾಡು ಮುಗಿಯಿತು. ದೊಡ್ಡತಾಯಮ್ಮನಿಗೆ ತಾನೇನು ಮಾಡಿದೆ ಅಂತ ಆಗ ತಿಳಿಯಿತು. ಜಗ್ಗನ್ನು ಎದೆಗೆ ಒತ್ತಿ ಹಿಡಿದು ಎಲ್ಲರ ಮುಖ ನೋಡಿದರು. ಎಲ್ಲರೂ ಕೆಂಪಮ್ಮನ ಕಡೆ ನೋಡಿದರು, ಗಂಡಿನ ತಾಯಿ ಅಂದ ಮೇಲೆ ಮೊದಲ ಮಾತು ಅವರದೇ.

ಕೆಂಪಮ್ಮ ಅರಿಸಿನದ ಬಟ್ಟಲು ಪಕ್ಕಕ್ಕೆ ಸರಿಸಿದರು.

"ಬೀಗಿತ್ತಿ, ಅಲ್ ನಿಂತ್ಕಂಡ್ ಆಡುದ್ರೆ ಇಲ್ಲಿಗ್ ಅರ್ದ ಕೇಳುಸ್ತದೆ, ಅರ್ದ ಬುಡ್ತದೆ. ಒಳೀಕ್ ಬಂದ್ ಕುಂತ್ಕ."

ದೊಡ್ಡತಾಯಮ್ಮ ಕೈಯಲ್ಲಿದ್ದ ಜಗ್ಗು ನೋಡಿಕೊಂಡರು. "ಪಂಕ್ತೀಲಿ ಜನ ಕುಂತವ್ರೆ. ಇದ್ನ ಯಾರ್ಗಾರ ಕೊಟ್ಬುಟ್ ಬತ್ತೀನಿ," ಅಂದರು. ನಾಗಮ್ಮ ಓಡಿಹೋಗಿ ಜಗ್ಗು ಕಿತ್ತುಕೊಂಡು ತಾನೇ ಊಟದ ಮನೆಗೆ ಹೋದಳು. ಮೈಕಿನಿಂದ ತಪ್ಪಿಸಿಕೊಂಡರೆ ಸಾಕಾಗಿತ್ತು ಅವಳಿಗೆ. ದೊಡ್ಡತಾಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಹಸೆಯ ಪಕ್ಕ ಕೂತರು.

ಕುಮಾರ ಪೆನ್‌ಡ್ರೈವಿನ ಮೇಲೆ ಕೈಯಿಟ್ಟು ಕೇಳಿದ, "ಇನ್ನೂ ಎರಡಾಡು ಅವಲ್ಲ ಅಕ್ಕ. ಆಕ್ಲಾ?"

"ಕಿತ್ತಾಕು," ಅಂದೆ. "ಅವ್ರೇ ಕುಂತವ್ರಲ್ಲ."